ಸೇವಂತಿಗೆಗೆ ಉಳಿಸಿದ ಕತ್ತಲೆ

ಕನ್ನಡಿ ಏರಿದ ನೂರಾ ನಲವತ್ತನೆಯ ವರ್ಷ,
ಅಮಾವಾಸ್ಯೆಯಿಲ್ಲದ ಕಾರ್ತೀಕ

ಸೇವಂತಿಗೆ ತೋಟದ ಮುನಿವೆಂಕಟಮ್ಮನವರಿಗೆ, ನಿಮ್ಮ ವಂಶದ ತುದಿಯಲ್ಲಿರುವ ಚೌಡಮ್ಮ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಎಷ್ಟೋ ಪದಗಳು ನಮ್ಮಲ್ಲಿ ಬಳಕೆ ತಪ್ಪಿವೆ. ‘ರಾತ್ರಿ’ ಎಂದರೆ ಇಲ್ಲಿನ ಮಕ್ಕಳು ಅದೊಂದು ಊಟದ ಹೆಸರು ಎಂದುಕೊಂಡಿದ್ದಾರೆ. ಹೊತ್ತು ಮುಳುಗುತ್ತಲೇ ಬಾನಗನ್ನಡಿಗಳು, ಅಂದರೆ ಆಕಾಶದಲ್ಲಿ ತೇಲಿಬಿಟ್ಟಿರುವ ಹೊಳೆಯುವ ತಗಡುಗಳು, ಮೆಲ್ಲನೆ ತಿರುಗಿ ಆಚೆ ಬದಿಯ ಬಿಸಿಲನ್ನು ನಮ್ಮ ಹೊಲಗಳ ಮೇಲೆ ಸುರಿಯುತ್ತವೆ. ಅದನ್ನು ಮರುಬಿಸಿಲು ಎನ್ನುತ್ತೇವೆ. ಅದರಿಂದಾಗಿ ರಾಗಿ ಬೆಳೆಗೆ ಬಿಡುವೇ ಇಲ್ಲ, ಊರಲ್ಲಿ ಯಾರೂ ಹಸಿದಿಲ್ಲ. ಅದನ್ನು ಅಲ್ಲಗಳೆಯುವಷ್ಟು ಕೃತಘ್ನಳಲ್ಲ ನಾನು. ಆದರೆ ಅತಿಯಾದರೆ ಅಮೃತವೂ ವಿಷ ಎಂದವರು ನಿಮ್ಮವರೇ ಅಲ್ಲವೇ?

ಸೇವಂತಿಗೆಯ ಸ್ವಭಾವವನ್ನು ನಿಮಗೆ ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಇರುಳು ಉದ್ದವಾದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಹಬ್ಬಕ್ಕೆ ಸರಿಯಾಗಿ ಹೂ ಬರಲೆಂದು ನೀವು ಸಾಲುಗಳ ಮೇಲೆ ಬಲ್ಬು ಕಟ್ಟಿ ಅದನ್ನು ಕೆಲವು ವಾರ ಏಮಾರಿಸುತ್ತಿದ್ದಿರಂತೆ. ನಾವು ವರ್ಷವಿಡೀ ಏಮಾರಿಸುತ್ತಿದ್ದೇವೆ. ಬಯಲಿನಲ್ಲಿ ನೆಟ್ಟ ಗಿಡಗಳು ಆಳೆತ್ತರ ಬೆಳೆದು ಬರೀ ಎಲೆ ಬಿಡುತ್ತವೆ, ಮೇಕೆಗಳಿಗೂ ತಿಂದು ಬೇಸರವಾಗಿದೆ. ಹೂ ಬಿಡದ ಗಿಡ ಕಡ್ಡಿಯಂತೆ ಬಲಿತು, ಬುಡದಲ್ಲಿ ಮರಿಯೊಡೆಯುವುದನ್ನೂ ಮರೆತು ಒಣಗುತ್ತದೆ.

ಈ ಊರಲ್ಲಿ ಉಳಿದಿರುವುದು ನನ್ನದೊಂದೇ ಕತ್ತಲಮನೆ. ದಪ್ಪ ಮಣ್ಣಿನ ಗೋಡೆ, ಕಿಟಕಿಯಿಲ್ಲ, ಒಂದರ ಹಿಂದೊಂದು ಎರಡು ಬಾಗಿಲು. ಹೊರಗಿನದನ್ನು ಮುಚ್ಚದೆ ಒಳಗಿನದನ್ನು ತೆರೆಯುವಂತಿಲ್ಲ. ಬೆಳಿಗ್ಗೆ ಕುಂಡಗಳನ್ನು ಹೊರಗಿಟ್ಟು, ಒಣಗಿದ್ದನ್ನು ಕತ್ತರಿಸಿ, ತುದಿ ಚಿವುಟಿ, ಬುಡಕ್ಕೆ ಸಗಣಿ ನೀರು ಹಾಕುತ್ತೇನೆ. ಸಂಜೆ ಮತ್ತೆ ಒಳಗೆ ಹೊರುತ್ತೇನೆ. ಒಳಗಿನ ಕೆಲಸವೆಲ್ಲ ಬೆರಳಿನಿಂದಲೇ. ಕೂಸಿನ ಒಸಡಿನಲ್ಲಿ ಹಲ್ಲು ಬಂತೇ ಎಂದು ಸವರಿ ನೋಡುವಂತೆ ಮೊಗ್ಗನ್ನು ಸವರಿ ತಿಳಿಯಬೇಕು. ರೆಪ್ಪೆ ಬಡಿಯುವಷ್ಟು ಹೊತ್ತು ದೀಪ ಹಚ್ಚಿದರೂ ಗಿಡ ಬೆಳಗಾಯಿತೆಂದು ತಿಳಿಯುತ್ತದೆ.

ಇಂಥ ಮನೆ ಇಟ್ಟುಕೊಳ್ಳಲು ಅಪ್ಪಣೆ ಬೇಕು. ಕಾರ್ತೀಕದ ಕನ್ನಡಿ ಹಬ್ಬಕ್ಕೆ ಸೇವಂತಿಗೆ ಹಾರ ಬೇಕಲ್ಲ, ಅದಕ್ಕಾಗಿ ಕನ್ನಡಿಗಳ ಉಸ್ತುವಾರಿಯ ದೀಪಾಧಿಕಾರಿಗಳು ಅಪ್ಪಣೆ ಕೊಟ್ಟಿದ್ದಾರೆ. ಕತ್ತಲೆ ಹೂವಿಗೆ ಮಾತ್ರ, ಮನುಷ್ಯರಿಗಲ್ಲ. ಒಂದು ವರ್ಷ ಹೂ ತಪ್ಪಿದರೆ ಹಬ್ಬದ ದಿನವೇ ಗೋಡೆ ಕೆಡವುತ್ತಾರೆ. ಬೆಳಕಿಗೆ ಹಾರ ಹಾಕಲು ಕತ್ತಲೆಯ ಹೂವೇ ಬೇಕು, ನೋಡಿ ಇವರ ಬುದ್ಧಿ!

ನನ್ನ ಮೊಮ್ಮಗಳು ಕೆಂಪಿಗೆ ನಿದ್ರೆಯಿಲ್ಲ. ಇಲ್ಲಿ ಅನೇಕ ಮಕ್ಕಳಿಗೆ ಇಲ್ಲ. ವೈದ್ಯರು ಕೊಡುವ ಹನಿ ಕುಡಿದು ಅರೆಗಣ್ಣಿನಲ್ಲಿ ಬಿದ್ದಿರುತ್ತವೆ. ಕೆಂಪಿ ಸೊರಗಿ, ಮಾತನ್ನೂ ಬಿಟ್ಟಾಗ ನಾನು ಕದ್ದು ಅವಳನ್ನು ಕತ್ತಲಮನೆಗೆ ಕರೆದೊಯ್ದೆ. ಹೂವಿನಿಂದ ನಾರೂ ಸ್ವರ್ಗ ಸೇರಲಿ ಎಂದುಕೊಂಡೆ. ಬಾಗಿಲು ಮುಚ್ಚಿದೊಡನೆ ಮಗು ಕೂಗಿಕೊಂಡಿತು.

“ಅಜ್ಜೀ, ನನ್ ಕೈ ಎಲ್ಲೋಯ್ತು?”

ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಅವಳು ಗೊರಕೆ ಹೊಡೆದಳು. ಸಂತೋಷಕ್ಕೆ ನಾನು ಅತ್ತುಬಿಟ್ಟೆ. ಅಂದಿನಿಂದ ದಿನವೂ ಅವಳು ಕುಂಡಗಳ ನಡುವೆ ಮಲಗಿದಳು, ಕೆನ್ನೆ ತುಂಬಿಕೊಂಡಳು, ನನ್ನೊಡನೆ ಜಗಳವಾಡುವಷ್ಟು ಮಾತು ಕಲಿತಳು.

ಒಂದು ದಿನ ಅವಳು ಕನಸು ಕಂಡು ಚೀರಿದಳು. ಅವಳ ತಾಯಿ, ನನ್ನ ಮಗಳು ಮುನಿಲಕ್ಷ್ಮಿ, ಹೊರಗಿದ್ದಳು. ನಿದ್ರೆಯಲ್ಲಿ ಚೀರುವ ಮಗುವನ್ನು ಅವಳು ಎಂದೂ ಕಂಡವಳಲ್ಲ. ನಮ್ಮ ಕಾಲದವರ ಕೈ ಯಾವ ಗಂಡಾಂತರದಲ್ಲೂ ಮೊದಲು ದೀಪಕ್ಕೇ ಹೋಗುತ್ತದೆ. ಎರಡೂ ಬಾಗಿಲು ತೆರೆದು, ದೀಪ ಹಿಡಿದು ಒಳಗೆ ನುಗ್ಗಿದಳು. ಆಗ ಮೊಗ್ಗುಗಳು ಸಾಸಿವೆಯಷ್ಟಿದ್ದವು. ನಿಮ್ಮ ಕಾಲದ ಗಿಡಗಳು ಒಂದು ದಿನದ ತಪ್ಪನ್ನು ಕ್ಷಮಿಸುತ್ತಿದ್ದವೇನೋ. ಇವು ಕತ್ತಲೆಯನ್ನು ನಂಬುವುದನ್ನೇ ಬಿಡುತ್ತಿವೆ. ವಾರದೊಳಗೆ ಮೊಗ್ಗಿದ್ದಲ್ಲೆಲ್ಲ ಎಲೆ ಒಡೆಯಿತು. ಮಗಳು ಇಂದಿಗೂ ನನ್ನೆದುರು ತಲೆಯೆತ್ತುತ್ತಿಲ್ಲ.

ಅಜ್ಜಿ, ನಿಮ್ಮ ಬಲ್ಬುಗಳಿಂದಲೇ ಇದೆಲ್ಲ ಆಯಿತೆಂದು ದೂರುತ್ತಿಲ್ಲ. ಆದರೂ ಒಂದು ಬೇಡಿಕೆ. ಇರುಳಿಗೂ ಬಿಸಿಲು ತರುತ್ತೇವೆಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ರಾಗಿ ಎಷ್ಟು ಬೆಳೆಯುತ್ತದೆಂದು ಕೇಳುವ ಮೊದಲು ಮಕ್ಕಳು ಎಲ್ಲಿ ಮಲಗಬೇಕೆಂದು ಕೇಳಿ. ಉತ್ತರ ಬರುವವರೆಗೆ ಅವರನ್ನು ಒಳಗೆ ಬಿಡಬೇಡಿ.

ಇವತ್ತೇ ಹಬ್ಬ. ನನ್ನ ಬುಟ್ಟಿಯಲ್ಲಿ ಒಂದು ಹೂವೂ ಇಲ್ಲ. ಕೆಂಪಿ ಕತ್ತಲಮನೆಯೊಳಗೆ ಮಲಗಿದ್ದಾಳೆ, ಅವಳಿಗೆ ಏನೂ ಹೇಳಿಲ್ಲ. ಹೊಸ್ತಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗುದ್ದಲಿ ಹಿಡಿದವರು ಓಣಿಗೆ ತಿರುಗಿದರು. ಇನ್ನು ಮಗುವನ್ನು ಎಬ್ಬಿಸಬೇಕು.