ಅಣಬೆ ಮುಚ್ಚಿಕೊಂಡ ಹನ್ನೊಂದು ದಿನ

ಮಾವಾ,

ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ನಿಮ್ಮ ಹವಳದ ತೊಟ್ಟಿಯ ನೀರು ಚೆಲ್ಲಿದವಳು ನಾನೇ, ನಿಮ್ಮ ಸೊಸೆ.

ನಿಮ್ಮನ್ನು ತೋಟಕ್ಕೆ ಹೊತ್ತುಕೊಂಡು ಹೋದ ಮಧ್ಯಾಹ್ನ ಗಂಡಸರೆಲ್ಲ ನಿಮ್ಮ ಹಿಂದೆ ಬಂದಿದ್ದರು. ಉಳಿದ ನಾವು ಸಾವಾದ ಮನೆಯ ನೀರನ್ನೆಲ್ಲ ಚೆಲ್ಲುತ್ತಿದ್ದೆವು. ಹಂಡೆ, ಕೊಡ, ಫ್ರಿಜ್ಜಿನ ಬಾಟಲಿ, ಕೊನೆಗೆ ನೀವು ಬೆರೆಸಿಟ್ಟಿದ್ದ ಉಪ್ಪುನೀರಿನ ಡ್ರಮ್ಮೂ ಖಾಲಿಯಾಯಿತು. ಹೊನ್ನವಳ್ಳಿಯಿಂದ ಬಂದಿದ್ದ ನಿಮ್ಮ ಅಕ್ಕ, ನಮ್ಮ ದೊಡ್ಡತ್ತೆ, ನೀವು ಜೀವಂತ ಹವಳ ಸಾಕಿದ್ದ ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಬಂದು ನಿಂತರು.

"ಇದೂ ಚೆಲ್ಲೇ."

"ದೊಡ್ಡತ್ತೆ, ಇದ್ರಲ್ಲಿ ಜೀವ ಅವೆ."

"ಅದಕ್ಕೇ ಕಣೇ ಹೇಳ್ತಿರೋದು. ಹೋದೋನ ನೀರು ಮನೇಲಿ ಉಳುದ್ರೆ ಅವ್ನು ಅದ್ರಲ್ಲೇ ಉಳ್ಕತಾನೆ."

ನಿಮ್ಮ ಹತ್ತಿರ ದಿನಾ ಜಗಳ ಕಾಯುತ್ತಿದ್ದ ನನ್ನ ಬಾಯಿ ಆವತ್ತು ಎಲ್ಲಿ ಹೋಗಿತ್ತೋ! ಪೂರ್ತಿ ಚೆಲ್ಲದೆ ನಾಲ್ಕು ಬಕೆಟ್ ತೆಗೆದೆ. ಬದಲಿಗೆ ಫಿಲ್ಟರ್ ನೀರಿಗೆ ನಿಮ್ಮ ತೊಟ್ಟಿಯ ಉಪ್ಪು ಕಲಸಿ ಸುರಿದೆ. ಉಪ್ಪಿನ ಅಳತೆ ನೋಡುವಾಗ ಕಣ್ಣು ಮಂಜಾಗಿತ್ತು, ಮಾಪಕದ ಗೆರೆ ಸರಿಯಾಗಿ ಕಂಡಿತೋ ಇಲ್ಲವೋ...

ಆ ಸಂಜೆಯೇ ನಿಮ್ಮ ಅಣಬೆ ಮುಚ್ಚಿಕೊಂಡಿತು. ಅಂಗೈಯಗಲದ ಆ ಹವಳಕ್ಕೆ ನೀವಿಟ್ಟ ಹೆಸರು ತಾನೇ ಅದು? ತಲೆತುಂಬ ತೂಗಾಡುತ್ತಿದ್ದ ಎಳೆಗಳೆಲ್ಲ ಒಳಗೆ ಹೋಗಿ ಬೋಳಾಯಿತು. ಮೂರನೆಯ ದಿನ ಅದರ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತು. ಒಂಬತ್ತು ವರ್ಷ ನೀವು ಸಾಕಿದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕೊಂದೆನೆ?

ಆಸ್ಪತ್ರೆಯಲ್ಲಿ ನೀವು ಕೊನೆಯದಾಗಿ ಆಡಿದ್ದೂ ಅದರ ಮಾತನ್ನೇ. ನಿಮ್ಮ ಮಗ ಮಾತ್ರೆ ತರಲು ಹೋಗಿದ್ದರು. "ಅಣಬೆ ಮುಚ್ಕಂಡ್ರೆ ನೀನು ಮಾತ್ರ..." ಅಂದಿರಿ, ಕೆಮ್ಮು ಬಂತು. ಏನು ಮಾತ್ರ, ಮಾವ? ಮುಟ್ಟಬಾರದೇ? ಕಿತ್ತು ಹೊರಗೆ ಹಾಕಬೇಕೇ?

ಐದನೆಯ ಸಂಜೆ, ಏಳು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನೀವು ಹೋದಮೇಲೆ ತೊಟ್ಟಿಗೆ ಯಾರೂ ಊಟ ಹಾಕಿರಲಿಲ್ಲ. ಮೂಲೆಯ ಇನ್ನೊಂದು ಹವಳ ಗಾಜಿನ ಕೊಳವೆಯಂಥ ಬೆರಳುಗಳನ್ನು ಗೇಣುದ್ದ ಚಾಚಿತು, ನೀವು ಕೂರುತ್ತಿದ್ದ ಕುರ್ಚಿಯ ಕಡೆಗೇ. ಪಕ್ಕದ್ದರ ಬಾಯಿಂದ ಕಂದು ದಾರ ಜೋತಾಡುತ್ತಿತ್ತು. ಅಟ್ಟದಲ್ಲಿ ಒಣಗಿದ ಕಾಯೊಂದು ಉರುಳಿದ್ದೇ ತಡ, ಬೆರಳುಗಳೆಲ್ಲ ಒಮ್ಮೆಗೇ ಒಳಗೆ ಸೇರಿಕೊಂಡವು. ದೊಡ್ಡತ್ತೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ನಾನೇಳಿದ್ದು ಸುಳ್ಳೇನೇ? ಇಲ್ಲೇ ಅವ್ನೆ."

ಆಮೇಲೆ ನಡುಮನೆಗೆ ಒಬ್ಬಳೇ ಕಾಲಿಡಲು ನನಗೂ ಭಯವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ನಿಮ್ಮ ಫೋನಿನಿಂದಲೇ ಮಂಗಳೂರಿನ ನಿಮ್ಮ ಹವಳದ ಸ್ನೇಹಿತರಿಗೆ ಕರೆ ಮಾಡಿದೆ. ಎತ್ತಿದ ಕೂಡಲೇ ಅವರು, "ಎಂತ ಮಾರಾಯ್ರೆ, ಪತ್ತೆಯೇ ಇಲ್ಲ!" ಎಂದರು. ನಿಮಗೆ ಅಂದದ್ದು. ನೀವು ಹೋದ ಸುದ್ದಿ ಹೇಳಿದೆ. ಆಮೇಲೆ ತೊಟ್ಟಿಯ ಕಥೆಯನ್ನೆಲ್ಲ ಅವರು ಕೇಳಿಸಿಕೊಂಡರು.

"ಅದು ಸತ್ತದ್ದಲ್ಲ ಅಮ್ಮ, ಪೊರೆ ಬಿಡ್ತಾ ಉಂಟು. ಮುಟ್ಲಿಕ್ಕೆ ಹೋಗ್ಬೇಡಿ. ನೀರಿನ ಸೆಳೆತ ಸ್ವಲ್ಪ ಅದರ ಮೇಲೆ ಬರುವ ಹಾಗೆ ಮಾಡಿ. ಸತ್ರೆ ಕೊಳೆತು ವಾಸನೆ ಬರ್ತದೆ."

"ಆ ದಾರ?"

"ಕಸ ಹೊರಗೆ ಹಾಕುದು."

"ಕೈ ಚಾಚೋದು?"

"ನಿಮ್ಮ ಮಾವ ದಿನಾ ಏಳಕ್ಕೆ ಊಟ ಹಾಕ್ತಿದ್ರಲ್ಲ? ಆ ಹೊತ್ತು ಅದಕ್ಕೆ ಗೊತ್ತುಂಟು."

ನನ್ನಿಂದಲೇ ಮುಚ್ಚಿತೇ ಎಂದು ಕೇಳಿದೆ. "ಇರಬಹುದು. ಸುಮ್ಮನೆಯೂ ಮುಚ್ತದೆ," ಎಂದರು.

ಹನ್ನೊಂದನೆಯ ದಿನ ನಿಮಗೆ ಎಡೆ ಬಡಿಸುತ್ತಿದ್ದಾಗ ದೊಡ್ಡತ್ತೆ ಕಿರುಚಿದರು. ಓಡಿದೆ. ಪೊರೆ ಇಡಿಯಾಗಿ ಕಳಚಿ, ಅಣಬೆಯ ಆಕಾರದಲ್ಲೇ ಗಾಜಿಗೆ ಬಂದು ಅಂಟಿತ್ತು. ಅದರ ಹಿಂದೆ ಅಣಬೆ ಒಂದೊಂದೇ ಎಳೆ ಬಿಚ್ಚುತ್ತಿತ್ತು. ಗಳಗಳ ಅತ್ತುಬಿಟ್ಟೆ, ಮಾವ. ನೀವು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ದೊಡ್ಡತ್ತೆ ಅಳಲಿಲ್ಲ. ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದರು. "ನನ್ ತಮ್ಮ ಹನ್ನೊಂದು ದಿನದಿಂದ ಹಸ್ಕಂಡವ್ನೆ ಕಣೇ. ಇಲ್ಲಿ ಏನ್ ತಿಂತಾನೋ ಅದ್ನ ತತ್ತಾ."

ಮಂಗಳೂರಿನವರು ಹೇಳಿದ್ದನ್ನೆಲ್ಲ ಆಗ ಹೇಳಬಹುದಿತ್ತು. ಫ್ರೀಜರಿನಿಂದ ನೀವು ಹವಳಕ್ಕೆ ಹಾಕುತ್ತಿದ್ದ ಸೀಗಡಿ ತೆಗೆದು ಕೊಟ್ಟೆ.

ಎರಡು ತಿಂಗಳಾಯಿತು, ದೊಡ್ಡತ್ತೆ ಇನ್ನೂ ಊರಿಗೆ ಹೋಗಿಲ್ಲ. ಮೊನ್ನೆ ನೀರು ಬದಲಿಸಲು ಬಕೆಟ್ ತಂದರೆ ತೊಟ್ಟಿಗೆ ಅಡ್ಡ ನಿಂತರು. "ಒಂದು ಹನಿ ಚೆಲ್ಲಿದ್ರೆ ನೋಡು! ಅವ್ನು ಎಲ್ಲಿಗೋಗ್ಬೇಕು?"

ಹಳೆಯ ನೀರು ತೆಗೆಯದಿದ್ದರೆ ಅಣಬೆ ಉಳಿಯುವುದಿಲ್ಲ. ಅದಕ್ಕೇ ಅವರು ಸ್ನಾನಕ್ಕೆ ಹೋದಾಗ ಕದ್ದು ಒಂದೊಂದು ಚೊಂಬು ತೆಗೆಯುತ್ತೇನೆ, ಅಷ್ಟೇ ಹೊಸದು ಸೇರಿಸುತ್ತೇನೆ. ತೆಗೆದದ್ದನ್ನು ಬಚ್ಚಲಿಗೆ ಚೆಲ್ಲಲು ಈಗ ನನಗೂ ಧೈರ್ಯವಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತೋಟಕ್ಕೆ ಬಂದು, ನಿಮ್ಮನ್ನು ಮಣ್ಣು ಮಾಡಿದ ಕಡೆ ಇರುವ ತೆಂಗಿನ ಬುಡಕ್ಕೆ ಹಾಕುತ್ತೇನೆ. ತೆಂಗಿಗೆ ಉಪ್ಪು ಒಳ್ಳೆಯದೇ ಅಲ್ಲವೇ? ನೀವು ಅಲ್ಲಿದ್ದರೂ ಇಲ್ಲಿದ್ದರೂ ನೀರು ನಿಮಗೇ ಸೇರುತ್ತಿದೆ, ಮಾವ.