ಬೆಳಕಿಂಡಿಯ ಅರಳೆಧೂಳು

ರಬಕವಿ, 12 ಆಗಸ್ಟ್ 1953, ಬುಧವಾರ

ಗಾಳಿಗೆ ದಾರಿ ತೋರಿಸುವ ವಿದ್ಯೆ ಇಡೀ ಮುಂಬೈ ರಾಜ್ಯದಲ್ಲಿ ನನ್ನೊಬ್ಬನಿಗೇ ಗೊತ್ತು.

ಮಳೆಗೆ ನೂಲು ಒಣಗುವುದಿಲ್ಲವೆಂದು ಕೆಂಡದ ಶೇಗಡಿ ಇಟ್ಟ ಕೋಣೆಯ ಬೆಳಕಿಂಡಿಗೆ ಗಾಳಿಯಾಡದಂತೆ ಅರಳೆಧೂಳು ಮೆತ್ತಿತ್ತು. “ಕಸಬರಿಗಿಲೆ ಬಳಿಯೋ, ಭಾಳ ಶಾಣ್ಯಾತನ ಮಾಡಬ್ಯಾಡ,” ಎಂದು ಹೇಳಿಯೇ ಹಾಲವ್ವ ಅತ್ತಿಗೆ ನೀರಿಗೆ ಹೋದಳು. ನನ್ನಂಥವನು ಕಸಬರಿಗೆ ಹಿಡಿಯುವುದೇ? ಕಡ್ಡಿ ಗೀರಿ ಹಚ್ಚಿದೆ. ಧೂಳು ಭಗ್ಗೆಂದು ಉರಿದು, ಕೆಳಗಿದ್ದ ಕೆಂಪು ನೂಲಿನ ಲಡಿಗಳ ಮೇಲೆ ಬಿತ್ತು. ಅವಳ ಮಗಳ ಮದುವೆ ಸೀರೆಗೆಂದು ಬಣ್ಣ ಹಾಕಿಸಿಟ್ಟ ನೂಲು.

“ನಂದ ತಪ್ಪಪಾ, ಕೆಂಡ ಭಾಳ ಹಾಕಿದ್ದೆ,” ಎಂದು ನೀರು ಹೊತ್ತು ಬಂದ ಅತ್ತಿಗೆ ಸುಟ್ಟ ನೂಲು ನೋಡಿ ಕಣ್ಣೊರೆಸಿಕೊಂಡಳು. ನಾನು ಕಡ್ಡಿಪೆಟ್ಟಿಗೆಯನ್ನು ಜೇಬಿನ ತಳಕ್ಕೆ ತುರುಕಿದೆ. ಹೆದರಿದ್ದೇನೆಂದು ನನಗೇ ಒಂದು ರೊಟ್ಟಿ ಹೆಚ್ಚು ಹಾಕಿದಳು, ತಿಂದೆ.

ಅವಳಿಗೆ ತೋರಿಸಿದ್ದು ಸುಟ್ಟ ಒಂದು ಲಡಿ. ತಿಪ್ಪೆಯಲ್ಲಿ ಹೂತಿಟ್ಟದ್ದು ಆರು.