ಎರಡು ಪಂಥಗಳ ನಡುವೆ ಅವ್ವ

ಮಾಕಳಿ, ಬೆಂಗಳೂರು
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ತಂಗಿ ಶೈಲಜಾಗೆ,

ನಿನ್ನ ಅಣ್ಣ ಸಿದ್ದರಾಮಪ್ಪನ ಆಶೀರ್ವಾದ. ‘ನಾವು ಇಲ್ಲಿ ಚೆನ್ನಾಗಿದ್ದೇವೆ’ ಎಂದು ಬರೆಯಬೇಕಾದ ಜಾಗ ಇದು. ಆದರೆ ನಿನ್ನ ಅತ್ತಿಗೆಗೆ ಮೊಣಕಾಲು ನೋವು, ನನಗೆ ಇಂಥದ್ದೆಂದು ಹೇಳಲು ಬಾರದ ದಣಿವು. ಬೆಳಿಗ್ಗೆ ಎದ್ದಾಗಲೇ ಸಂಜೆಯಾದ ಹಾಗಿರುತ್ತದೆ. ಧಾರವಾಡದಲ್ಲಿ ಚಳಿ ಶುರುವಾಗಿರಬೇಕು, ಶಾಲು ಹೊದೆಯದೆ ಕಾಲೇಜಿಗೆ ಹೋಗಬೇಡ.

ನಿನ್ನ ವಿದ್ಯಾರ್ಥಿಗಳಿಗೆಂದು ಬರೆದು ಫೆಬ್ರುವರಿಯಲ್ಲಿ ನೀನು ಕಳಿಸಿದ ಪಾಠವನ್ನು ನವೆಂಬರಿನಲ್ಲಿ ವಾಪಸು ಮಾಡುತ್ತಿದ್ದೇನೆ, ಕ್ಷಮಿಸು. ನೀನು ಬಿ.ಎ. ಓದುವಾಗಿನಿಂದ ನಿನ್ನ ಬರವಣಿಗೆಯ ಮೇಲೆ ಮೊದಲ ಪೆನ್ಸಿಲ್ ಗುರುತು ನನ್ನದೇ. ಪೀಣ್ಯದಲ್ಲಿ ಮೂವತ್ತು ವರ್ಷದಿಂದ ಗೇಜು ಹಿಡಿದು ಬಿಡಿಭಾಗಗಳ ಅಳತೆ ನೋಡುವವನಿಗೆ ತತ್ವಶಾಸ್ತ್ರ ಎಲ್ಲಿ ತಿಳಿಯಬೇಕು? ಆದರೂ "ಅಣ್ಣಾ, ನಿನಗ ತಿಳದ್ರ ನನ್ನ ಹುಡುಗ್ರಿಗೂ ತಿಳೀತೈತಿ" ಎಂದು ನೀನು ಕಳಿಸುತ್ತಲೇ ಬಂದೆ. ಈ ಸಲದ್ದು ಬಂದ ಮೂರನೇ ವಾರಕ್ಕೆ ಅವ್ವನಿಗೆ ಲಕ್ವ ಹೊಡೆಯಿತು. ಮೇ ತಿಂಗಳಲ್ಲಿ ಊರ ಹೊಲದಲ್ಲಿ ಅವಳನ್ನು ಮಣ್ಣಿಗಿಟ್ಟ ದಿನ ನೀನು ನನ್ನೊಡನೆ ಒಂದು ಮಾತೂ ಆಡದೆ ಬಸ್ಸು ಹತ್ತಿದೆ. ಮೊನ್ನೆ ಬೀರು ಒರೆಸುವಾಗ ನಿನ್ನ ಲಕೋಟೆ ಸಿಕ್ಕಿತು. ಅದರ ಮೇಲೆ ಗುಂಡಗೆ ವಿಭೂತಿಯ ಕಲೆ ಇದೆ. ನಾನು ಒರೆಸಿಲ್ಲ.

ಪಾಠವನ್ನು ಎರಡು ಸಲ ಓದಿದೆ. ಪುಟದ ನಡುವೆ ಗೆರೆ ಎಳೆದು ಎಡಗಡೆ ಚೀನಾದ ಕನ್ಫ್ಯೂಷಿಯಸ್ ಪಂಥ, ಬಲಗಡೆ ಅಲ್ಲಿಯದೇ ದಾವೊ ಪಂಥ ಎಂದು ಕೋಷ್ಟಕ ಮಾಡಿದ್ದೀಯಲ್ಲ, ಎಡಗಡೆ ನನ್ನ ಮುಖ ಕಂಡಿತು, ಬಲಗಡೆ ನಿನ್ನದು. ಮನುಷ್ಯ ಒಬ್ಬಂಟಿಯಾಗಿ ಮನುಷ್ಯನಾಗುವುದಿಲ್ಲ, ಸಂಬಂಧಗಳ ಒಳಗೆ ಆಗುತ್ತಾನೆ. ಮಗನೆನಿಸಿಕೊಂಡವನು ಮಗನಂತೆ, ಅರಸನೆನಿಸಿಕೊಂಡವನು ಅರಸನಂತೆ ನಡೆಯಬೇಕು. ಕಲಿಕೆಯಿಂದ, ವಿಧಿ-ಆಚರಣೆಯಿಂದ, ಹಿರಿಯರ ಮರ್ಯಾದೆಯಿಂದ ಒರಟು ಮನಸ್ಸು ಹದಕ್ಕೆ ಬರುತ್ತದೆ. ಇದು ಎಡಗಡೆಯವರ ಮಾತು. ಬಲಗಡೆಯವರು ಇದಕ್ಕೆಲ್ಲ ನಕ್ಕುಬಿಡುತ್ತಾರೆ. ಜಗತ್ತಿಗೆ ಅದರದೇ ದಾರಿ ಇದೆ, ಹೆಸರಿಟ್ಟು ಹಿಡಿಯಲಾಗದ್ದು. ನೀರು ತಗ್ಗಿಗೆ ಇಳಿದಂತೆ ಅದರ ಜೊತೆ ಹೋಗಬೇಕು, ಒತ್ತಾಯ ಮಾಡಿದಷ್ಟೂ ಕೆಡುತ್ತದೆ. ನೇಮಗಳು ಹೆಚ್ಚಾದವೆಂದರೆ ಒಳಗೆ ಏನೋ ಕಡಿಮೆಯಾಗಿದೆ ಎಂದೇ ಅರ್ಥ. ಈ ಕೊನೆಯ ಸಾಲಿನ ಹತ್ತಿರ ನನ್ನ ಪೆನ್ಸಿಲ್ ಬಹಳ ಹೊತ್ತು ನಿಂತಿತು.

ಯಾಕೆಂದರೆ ಅಂಥ ನೇಮಗಳ ಹಾಳೆಯೊಂದು ಇನ್ನೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಅವ್ವನಿಗೆ ಮಾತು ಹೋಗಿ, ಬಲಗಡೆ ಮೈ ಬಿದ್ದುಹೋಗಿ, ಮೂಗಿನ ಪೈಪಿನಲ್ಲಿ ಗಂಜಿ ಹಾಕಬೇಕಾದಾಗ ನಾನೇ ಚೌಕ ಎಳೆದು ಮಾಡಿದ ಹಾಳೆ. ಬೆಳಿಗ್ಗೆ ಆರರಿಂದ ಎರಡೆರಡು ಗಂಟೆಗೊಮ್ಮೆ ಎಷ್ಟು ಗಂಜಿ, ಯಾರು ಹಾಕಿದರು, ಸಹಿ. ಫ್ಯಾಕ್ಟರಿಯ ತಪಾಸಣೆ ಪತ್ರದ ನಕಲೇ ಅದು. ಅರವತ್ತಮೂರು ದಿನ, ಒಂದೂ ಖಾಲಿ ಚೌಕವಿಲ್ಲ. ಮಗನ ಕರ್ತವ್ಯವನ್ನು ಇಷ್ಟು ಚೊಕ್ಕಟವಾಗಿ ಮಾಡಿದವನು ನಮ್ಮ ಓಣಿಯಲ್ಲೇ ಇಲ್ಲ ಎಂದು ಆಗ ಹೆಮ್ಮೆಯಿತ್ತು.

ಏಪ್ರಿಲಿನಲ್ಲಿ ನೀನು ಬಂದೆ. ಅವ್ವನ ಎಡಗೈಯನ್ನು ಮಂಚದ ಸರಳಿಗೆ ಮೆತ್ತನೆಯ ಬಟ್ಟೆಯಿಂದ ಕಟ್ಟಿದ್ದು ನೋಡಿ, "ಇದೇನಣ್ಣಾ?" ಎಂದು ಕೇಳಿದೆ. "ಪೈಪ್ ಕಿತ್ತಕೊಳ್ಳಾಕ ಕೈ ಎತ್ತತಾಳ" ಎಂದು ನಾನು ಹೇಳಿದೆ. ನೀನು ಆ ಕೈ ಹಿಡಿದು ಕೂತವಳು ಊಟಕ್ಕೂ ಏಳಲಿಲ್ಲ. ಆಮೇಲೆ, "ಆಕಿಗೆ ಸಾಕಾಗೇತಿ. ಹೊಂಟಾಕಿನ್ನ ಕಟ್ಟಿ ಹಾಕಬ್ಯಾಡೋ ಅಣ್ಣಾ, ಬಿಟ್ಟಬಿಡು" ಎಂದು ನೀನು ಕಣ್ಣೀರು ಹಾಕಿದೆ. ನನಗೆ ರೇಗಿತು. "ನಾಕ ದಿನ ಇದ್ದ ಹೋಗಾಕಿ ನನಗ ತತ್ವ ಹೇಳಬ್ಯಾಡ. ಮಗ ಅನ್ನಿಸ್ಕೊಂಡಾಂವ ನಾನು" ಎಂದುಬಿಟ್ಟೆ. ನೀನು ಅವತ್ತೇ ಚೀಲ ತುಂಬಿದೆ.

ನೀನು ಹೋದ ಮೇಲಿನ ಒಂದು ಸಂಗತಿ ಹೇಳಬೇಕು. ಹಗಲು ಅವ್ವನನ್ನು ನೋಡಿಕೊಳ್ಳಲು ಬರುತ್ತಿದ್ದ ಇಲ್ಲಿನ ಹಳೇ ಊರಿನ ಅಂಜಿನಮ್ಮನ ನೆನಪಿದೆಯಲ್ಲ? ಒಂದು ಮಧ್ಯಾಹ್ನ ನಾನು ಬೇಗ ಬಂದೆ. ಎರಡು ಗಂಟೆಯ ಚೌಕದಲ್ಲಿ ಸಹಿ ಇದೆ, ಗಂಜಿ ಬಟ್ಟಲು ತುಂಬಿದ ಹಾಗೇ ಇದೆ. ಕೇಳಿದರೆ ಅವಳು ತಲೆ ತಗ್ಗಿಸಲೂ ಇಲ್ಲ.

"ಅಜ್ಜಿ ಈಗಿನ್ನೂ ಕಣ್ ಮುಚ್ಚವ್ರೆ ಸಾ. ಎದ್ಮ್ಯಾಕೆ ಆಕ್ತೀನಿ."

"ಮತ್ತೆ ಸಹಿ ಯಾಕೆ ಹಾಕಿದೆ?"

"ನೀವು ಬೈತೀರಲ್ಲ, ಅದುಕ್ಕೇ. ಒಟ್ಟೆ ಅಸ್ದಿರೋದು ಆ ಪೇಪರ್‌ಗೆ ಸಾ, ಅಜ್ಜಿಗಲ್ಲ."

ನಾನು ಆ ಸಹಿ ಹೊಡೆದುಹಾಕಿ, ಅವ್ವನನ್ನು ಅಲುಗಿಸಿ ಎಬ್ಬಿಸಿ, ಗಂಜಿ ಹಾಕಿ, ನನ್ನ ಸಹಿ ಹಾಕಿದೆ. ಹೊತ್ತಿಗೆ ಸರಿಯಾಗಿ ಬಟ್ಟೆ ಬದಲಿಸುತ್ತಿದ್ದವಳೂ, ಮೈ ಒರೆಸುತ್ತಿದ್ದವಳೂ ಅಂಜಿನಮ್ಮನೇ. ನಿದ್ದೆಯ ಮುಂದೆ ಗಡಿಯಾರವನ್ನು ಕಾಯಿಸಿದವಳೂ ಅವಳೇ. ಅವಳನ್ನು ನಿನ್ನ ಕೋಷ್ಟಕದ ಯಾವ ಕಡೆಗೆ ಹಾಕುತ್ತೀ?

ಅವ್ವನನ್ನಾದರೂ ಯಾವ ಕಡೆಗೆ ಹಾಕುವುದು? ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿದವಳಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳೆಂದರೆ, ಪರೀಕ್ಷೆಗೆ ಹೊರಟ ನಾವಿಬ್ಬರೂ ಹಸಿದು ಬಾಗಿಲಲ್ಲಿ ನಿಂತರೂ ಏಳುತ್ತಿರಲಿಲ್ಲ. ನೇಮ ಎಂದರೆ ಅದು. ಆದರೆ "ಅಷ್ಟೊತ್ತು ಏನ್ ಮಾಡ್ತಿಯಬೇ?" ಎಂದು ನೀನು ಕೇಳಿದಾಗ ಏನು ಹೇಳಿದಳು? "ಏನೂ ಮಾಡಂಗಿಲ್ಲ ಮಗಳ. ಸುಮ್ನ ಕುಂದರತೀನಿ." ನಿನ್ನ ಬಲಗಡೆಯವರು ಪುಟಗಟ್ಟಲೆ ಹೇಳಿದ್ದನ್ನು ಅವಳು ಎಡಗಡೆಯ ನೇಮದೊಳಗೆ ಕೂತು ಮಾಡಿಬಿಟ್ಟಿದ್ದಳು.

ಆದ್ದರಿಂದ ನನ್ನ ತಿದ್ದುಪಡಿ ಒಂದೇ. ಆ ನಡುಗೆರೆಯನ್ನು ಅಳಿಸಬೇಡ, ಚುಕ್ಕೆ ಚುಕ್ಕೆ ಮಾಡು. ನಮ್ಮ ಫ್ಯಾಕ್ಟರಿಯಲ್ಲಿ ಶಾಫ್ಟಿಗೂ ಅದು ಕೂರುವ ತೂತಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟೇ ಅಳತೆ ಬರೆಯುತ್ತಾರೆ. ಸಂದಿಲ್ಲದಿದ್ದರೆ ಶಾಫ್ಟು ತಿರುಗುವುದಿಲ್ಲ, ಅಳತೆಯಿಲ್ಲದಿದ್ದರೆ ಅಲುಗಾಡಿ ಸವೆಯುತ್ತದೆ. ಮೂವತ್ತು ವರ್ಷ ಇದನ್ನೇ ನೋಡಿದವನಿಗೆ ಮನೆಯಲ್ಲಿ ತಿಳಿಯಲಿಲ್ಲ. ತಿಳಿದದ್ದು ಹೊಟ್ಟೆಪಾಡಿಗೆ ಮಾತ್ರ ಬಂತು.

ಇನ್ನೊಂದು ಗುರುತು ನಾಲ್ಕನೇ ಪುಟದಲ್ಲಿದೆ. ಹೆತ್ತವರ ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಸೇವೆಯಾಗುವುದಿಲ್ಲ, ಎದುರಿಗಿರುವವರ ಮೇಲೆ ಗೌರವ, ಕರುಣೆ ಇಲ್ಲದಿದ್ದರೆ ವಿಧಿ ಬರೀ ತಾಳಮೇಳದ ಸದ್ದು ಎಂಬುದು ಎಡಗಡೆಯವರದೇ ಮಾತು ಎಂದು ನೀನು ಬರೆದಿದ್ದೀ. ಹಾಗಾದರೆ ನನ್ನ ಮುಖ ಎಡಗಡೆಯೂ ಇಲ್ಲ. ಅವರ ಹೆಸರು ಹೇಳಿಕೊಂಡು ಹಾಳೆ ತುಂಬಿಸಿದವನು ನಾನು. ನಿನಗೂ ಒಂದು ಮಾತು, ಸಿಟ್ಟಾಗಬೇಡ. ಒತ್ತಾಯ ಮಾಡದಿರುವುದು ಬೇರೆ, ಚೀಲ ತುಂಬಿಕೊಂಡು ಹೊರಡುವುದು ಬೇರೆ. ನೀನು ಉಳಿದು ಜಗಳವಾಡಿದ್ದರೆ ನಾನು ಸೋಲುತ್ತಿದ್ದೆನೇನೋ.

ಅತ್ತಿಗೆ ಕೆಂಪು ಚಟ್ನಿ ಕಟ್ಟಿದ್ದಾಳೆ, ಪಾಠದ ಜೊತೆ ಇದೆ. ಸಂಕ್ರಾಂತಿಗೆ ಬಾ. ಮಾತಾಡದಿದ್ದರೂ ಸರಿ, ಬಂದು ಕೂತು ಹೋಗು. ನಿನ್ನ ಪಾಠ ಓದುವ ಮಕ್ಕಳಿಗೆ ಒಳ್ಳೆಯದಾಗಲಿ. ನಿನಗೆ ಗಡಿಯಾರ ನೋಡಿ ಅಲ್ಲ, ಹಸಿವಾದಾಗ ಊಟ ಸಿಗಲಿ, ದಣಿದಾಗ ನಿದ್ದೆ ಬರಲಿ.

ನಿನ್ನ ಅಣ್ಣ,
ಸಿದ್ದರಾಮಪ್ಪ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು:

ಅವ್ವ ಪೈಪ್ ಕೀಳಲು ಒಂದು ದಿನವೂ ಕೈ ಎತ್ತಲಿಲ್ಲ. ಸ್ಕ್ಯಾನ್ ಮಾಡುವಾಗ ಆಸ್ಪತ್ರೆಯಲ್ಲಿ ಅವಳ ಕೊರಳಿನ ಲಿಂಗವನ್ನು ಬೆಳ್ಳಿ ಕರಡಿಗೆ ಸಮೇತ ಬಿಚ್ಚಿ ನನಗೆ ಕೊಟ್ಟಿದ್ದರು. ದಾರ ಪೈಪಿಗೆ ಸಿಕ್ಕೀತೆಂದು ನಾನು ಅದನ್ನು ಬೀರುವಿನಲ್ಲಿ, ನಿನ್ನ ಲಕೋಟೆಯ ಮೇಲೆ ಇಟ್ಟೆ. ಮನೆಗೆ ಬಂದ ಮೊದಲ ಬೆಳಿಗ್ಗೆ ನಾನು ಗಂಜಿ ಹಿಡಿದು ಹೋದಾಗ ಅವ್ವ ಎಡಗೈ ಎತ್ತಿ, ಅಂಗೈ ಬಿಡಿಸಿ ನನ್ನ ಮುಂದೆ ಹಿಡಿದಳು. ಏನು ಕೇಳುತ್ತಿದ್ದಾಳೆಂದು ಆಗಲೇ ಗೊತ್ತಾಯಿತು. ಎಂಟು ದಾಟಿತ್ತು, ಫ್ಯಾಕ್ಟರಿ ಬಸ್ಸು ಬರುವ ಹೊತ್ತು. "ನಾಳಿ ಮಾಡೂಣು ಬಿಡಬೇ ಅವ್ವಾ" ಎಂದು ಕೈ ಕೆಳಗಿಳಿಸಿದೆ. ಮರುದಿನವೂ ಹಿಡಿದಳು. ಅದರ ಮರುದಿನವೂ. ಐದನೇ ದಿನ ಕೈ ತಗುಲಿ ಗಂಜಿ ಚೆಲ್ಲಿತು, ಕಟ್ಟಿಬಿಟ್ಟೆ. ನೀನು ಕೇಳಿದಾಗ ನಾಚಿಕೆಯಾಗಿ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ಕೂತು ನಾವಿಬ್ಬರೂ ಹಿಡಿಯಬೇಕೋ ಬಿಡಬೇಕೋ ಎಂದು ಜಗಳವಾಡಿದೆವು.

ಅವ್ವನಿಗೆ ಸಾಕಾಗಿರಲಿಲ್ಲ ಶೈಲಾ. ಅವಳು ಹೋಗುತ್ತೇನೆ ಎನ್ನಲಿಲ್ಲ. ಊಟಕ್ಕೆ ಮುಂಚೆ ಪೂಜೆ ಕೇಳಿದಳು, ಅಷ್ಟೇ. ಮಣ್ಣಿಗಿಡುವಾಗ ಅದೇ ಅಂಗೈಯಲ್ಲಿ ಲಿಂಗ ಇಟ್ಟವನು ನಾನೇ, ನೀನು ನೋಡಿದ್ದೀ. ಬೆರಳುಗಳು ಅದನ್ನು ಹಿಡಿದುಕೊಳ್ಳಲಿಲ್ಲ. ನಾನೇ ಒಂದೊಂದಾಗಿ ಮಡಿಚಿದೆ.